ಮನವಿ ಬೇರೆ, ಮೇಲ್ಮನವಿ ಬೇರೆ: ಶಿಕ್ಷಕರು ಎಣಿಸಬೇಕಾದ ದಿನಗಳು

ಬೋಧನಾಭ್ಯಾಸದ ಎರಡನೇ ವಾರ. ಕಂಪ್ಲಿ ಭಾಗದ ಒಂದು ಸರ್ಕಾರಿ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಕೂತು ಏಳನೇ ತರಗತಿಯ ಗಣಿತಕ್ಕೆ ಪಾಠಯೋಜನೆ ಬರೆಯುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯ ಶಿಕ್ಷಕರೊಬ್ಬರು ಬೀರುವಿನಿಂದ ದಪ್ಪನೆಯ ಫೈಲೊಂದನ್ನು ತೆಗೆದು ನನ್ನ ಮುಂದಿಟ್ಟು, "ನೀನು ಲೆಕ್ಕದಾಂವ ಅಲ್ಲೇನಪ್ಪಾ, ಇದರಾಗ ಎಷ್ಟು ಮನವಿ ಅದಾವ ಎಣಿಸು" ಅಂದರು. ಎಣಿಸಿದೆ. ಐದು ಮನವಿಗಳಿದ್ದವು. ಕೊನೆಗೆ ಒಂದು ಮೇಲ್ಮನವಿ, ಅದರ ಹಿಂದೆ ಒಂದು ಪುಟದ ಉತ್ತರ: ಕಾಲಮಿತಿ ಮೀರಿ ಸಲ್ಲಿಸಿರುವುದರಿಂದ ತಿರಸ್ಕರಿಸಲಾಗಿದೆ.

ಅವರ ಮೇಲಿದ್ದ ಆರೋಪ ಅಕ್ಷರ ದಾಸೋಹದ ಅಕ್ಕಿ ದಾಸ್ತಾನಿನ ವ್ಯತ್ಯಾಸದ್ದು. ಅಕ್ಕಿ ಕಡಿಮೆಯಾದ ದಿನಗಳಲ್ಲಿ ತಾವು ತರಬೇತಿಗೆ ಹೋಗಿದ್ದಾಗಿಯೂ ದಾಸ್ತಾನಿನ ಪ್ರಭಾರ ಬೇರೆಯವರ ಬಳಿ ಇದ್ದುದಾಗಿಯೂ ಅವರು ಹೇಳುತ್ತಾರೆ. ಹಾಜರಾತಿ ಪ್ರಮಾಣಪತ್ರವೂ ಫೈಲಿನಲ್ಲಿತ್ತು. ಆದರೆ ಆ ಕಾಗದವನ್ನು ಮೇಲಿನ ಅಧಿಕಾರಿ ನೋಡುವ ಹಂತವೇ ಬರಲಿಲ್ಲ. ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಮುಂಚೆಯೇ ದಿನಾಂಕದ ಪ್ರಶ್ನೆಯಲ್ಲಿ ಅವರು ಸೋತಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಶಾಲೆ, ಕಚೇರಿ ಬೇಡ ಅಂದರು. ಅದಕ್ಕೇ ದಿನಾಂಕಗಳನ್ನೂ ಕೊಂಚ ಬದಲಿಸಿದ್ದೇನೆ, ನಡುವಿನ ಅಂತರ ಮಾತ್ರ ಹೆಚ್ಚುಕಡಿಮೆ ಹಾಗೇ ಇದೆ.

ಮೊದಲು ಅವರ ಶಿಕ್ಷೆ ಎಷ್ಟು ದೊಡ್ಡದು ಎಂದು ನೋಡೋಣ. ಆದೇಶದಲ್ಲಿದ್ದ ಮಾತು: ಒಂದು ವಾರ್ಷಿಕ ವೇತನ ಬಡ್ತಿಯನ್ನು ಸಂಚಿತ ಪರಿಣಾಮದೊಂದಿಗೆ ತಡೆಹಿಡಿಯಲಾಗಿದೆ. ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ 'ಸಂಚಿತ ಪರಿಣಾಮ' ಎಂಬ ಎರಡು ಪದ ಏನೂ ಅನ್ನಿಸುವುದಿಲ್ಲ. ಲೆಕ್ಕ ಮಾಡಿದರೆ ತಿಳಿಯುತ್ತದೆ. ವೇತನ ಬಡ್ತಿ ತಿಂಗಳಿಗೆ 1,000 ರೂಪಾಯಿ ಎಂದುಕೊಳ್ಳಿ. ಸಂಚಿತ ಪರಿಣಾಮವಿಲ್ಲದೆ ಒಂದು ವರ್ಷ ತಡೆಹಿಡಿದರೆ 12,000 ರೂಪಾಯಿ ಹೋಗುತ್ತದೆ, ವರ್ಷ ಮುಗಿದ ಮೇಲೆ ಸಂಬಳ ಹಳೆಯ ಹಾದಿಗೆ ಬರುತ್ತದೆ. ಸಂಚಿತ ಪರಿಣಾಮವಿದ್ದರೆ ಆ ಸಾವಿರ ಮತ್ತೆ ಬರುವುದೇ ಇಲ್ಲ. 18 ವರ್ಷ ಸೇವೆ ಉಳಿದಿದ್ದರೆ 12ನ್ನು 18ರಿಂದ ಗುಣಿಸಿ, 1,000ದಿಂದ ಗುಣಿಸಿ: 2,16,000 ರೂಪಾಯಿ. ಇದಕ್ಕೆ ತುಟ್ಟಿಭತ್ಯೆ ಸೇರಿಲ್ಲ, ನಿವೃತ್ತಿಯ ನಂತರದ ನಷ್ಟವೂ ಸೇರಿಲ್ಲ. ಐದು ಮನವಿ ಬರೆದ ಮನುಷ್ಯ ಯಾಕೆ ಬರೆದರು ಎಂಬುದಕ್ಕೆ ಈ ಗುಣಾಕಾರವೇ ಉತ್ತರ.

ಮೂರು ತಿಂಗಳು ಎಲ್ಲಿಂದ ಶುರು?

ರಾಜ್ಯ ಸರ್ಕಾರದ ಶಿಕ್ಷಕರ ಶಿಸ್ತುಕ್ರಮಗಳೆಲ್ಲ ನಡೆಯುವುದು 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಪ್ರಕಾರ. ಕಚೇರಿಗಳಲ್ಲಿ ಸಿಸಿಎ ನಿಯಮ ಅನ್ನುತ್ತಾರೆ. ಹೆಸರಿನಲ್ಲೇ ಮೇಲ್ಮನವಿ ಇದೆ, ಆದರೆ ಸಿಬ್ಬಂದಿ ಕೊಠಡಿಯ ಮಾತುಕತೆಯಲ್ಲಿ ಆ ಮೂರನೇ ಪದ ಬರುವುದು ಕಡಿಮೆ. ಶಿಕ್ಷೆಯ ಆದೇಶದ ಪ್ರತಿ ನೌಕರನ ಕೈ ಸೇರಿದ ದಿನದಿಂದ ಮೂರು ತಿಂಗಳೊಳಗೆ ಮೇಲ್ಮನವಿ ಸಲ್ಲಿಸಬೇಕು ಎಂದು ಈ ನಿಯಮಗಳು ಹೇಳುತ್ತವೆ. ತಡವಾದರೆ, ತಡಕ್ಕೆ ಸಕಾರಣವಿದೆ ಎಂದು ಮೇಲ್ಮನವಿ ಪ್ರಾಧಿಕಾರಕ್ಕೆ ಮನದಟ್ಟಾದರೆ ಮಾತ್ರ ಅದು ವಿಳಂಬವನ್ನು ಮನ್ನಿಸಬಹುದು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಎಣಿಕೆ ಶುರುವಾಗುವುದು ಆದೇಶದ ಮೇಲಿನ ದಿನಾಂಕದಿಂದ ಅಲ್ಲ, ಅದು ಕೈ ಸೇರಿದ ದಿನದಿಂದ. ನಮ್ಮ ಹಿರಿಯ ಶಿಕ್ಷಕರ ಆದೇಶದ ದಿನಾಂಕ 2023ರ ಜೂನ್ 3. ಶಾಲೆಗೆ ತಲುಪಿ ಅವರು ಸಹಿ ಮಾಡಿದ್ದು ಜೂನ್ 14. ಆದ್ದರಿಂದ ಅವರ ಗಡುವು ಸೆಪ್ಟೆಂಬರ್ 14. ಎರಡನೆಯದು, ಮೂರು ತಿಂಗಳು ಅಂದರೆ 90 ದಿನ ಅಲ್ಲ, ಕ್ಯಾಲೆಂಡರಿನ ಮೂರು ತಿಂಗಳು. ಜೂನ್ 14ರಿಂದ 90 ದಿನ ಎಣಿಸಿದರೆ ಸೆಪ್ಟೆಂಬರ್ 12ಕ್ಕೇ ಮುಗಿಯುತ್ತದೆ. ಫೆಬ್ರವರಿ 5ಕ್ಕೆ ಆದೇಶ ತಲುಪಿದರೆ ಸಾಮಾನ್ಯ ವರ್ಷದಲ್ಲಿ ಮೇ 5ಕ್ಕೆ 89 ದಿನವಷ್ಟೇ ಆಗಿರುತ್ತದೆ. ಮೂರು ತಿಂಗಳು ಎನ್ನುವುದು 89ರಿಂದ 92 ದಿನಗಳವರೆಗೆ ಹಿಗ್ಗಿ ಕುಗ್ಗುವ ಅಳತೆ. ಇದನ್ನು ಏಳನೇ ತರಗತಿಯ ಮಕ್ಕಳಿಗೆ ಚಟುವಟಿಕೆಯಾಗಿ ಕೊಟ್ಟೆ, ಶಿಕ್ಷೆಯ ಮಾತು ಬಿಟ್ಟು. ಕಡಿಮೆ ದಿನಗಳ ಮೂರು ತಿಂಗಳು ಯಾವುದು ಎಂದು ಹುಡುಕಲು ಇಡೀ ತರಗತಿ ಕ್ಯಾಲೆಂಡರಿನ ಮೇಲೆ ಬಿತ್ತು. ನನ್ನ ಬೋಧನಾಭ್ಯಾಸದಲ್ಲಿ ಗದ್ದಲವಿದ್ದರೂ ಬೈಸಿಕೊಳ್ಳದ ಒಂದೇ ಪಾಠ ಅದು.

ಫೆಬ್ರವರಿಯ ಉದಾಹರಣೆ ಸುಮ್ಮನೆ ಕೊಟ್ಟಿದ್ದಲ್ಲ. ವರ್ಷದ ಕೊನೆಗೆ ಬರುವ ಆದೇಶಗಳ ಗಡುವು ಬೇಸಿಗೆ ರಜೆಯೊಳಗೆ ಬೀಳುತ್ತದೆ. ಶಾಲೆಗೆ ಬೀಗ, ಶಿಕ್ಷಕರು ಊರಿಗೆ, ಫೈಲು ಬೀರುವಿನಲ್ಲಿ. ಆದರೆ ಮೇಲ್ಮನವಿ ತೆಗೆದುಕೊಳ್ಳುವ ಕಚೇರಿಗೆ ಬೇಸಿಗೆ ರಜೆ ಇಲ್ಲ. ಕೊನೆಯ ದಿನ ಆ ಕಚೇರಿಗೇ ರಜೆಯಿದ್ದರೆ ಮರು ಕೆಲಸದ ದಿನ ಕೊಡಬಹುದು. ಶಾಲೆಗೆ ರಜೆಯಿತ್ತು ಎಂಬುದಕ್ಕೆ ಆ ಬೆಲೆ ಇಲ್ಲ.

ಟಪಾಲು ತೆಗೆದುಕೊಳ್ಳದಿದ್ದರೆ ದಿನ ಓಡುವುದಿಲ್ಲ ಎಂಬ ನಂಬಿಕೆಯೊಂದು ಸಿಬ್ಬಂದಿ ಕೊಠಡಿಗಳಲ್ಲಿದೆ. ಅದು ತಪ್ಪು. ನೋಂದಾಯಿತ ಅಂಚೆಯಲ್ಲಿ ಸರಿಯಾದ ವಿಳಾಸಕ್ಕೆ ಬಂದ ಲಕೋಟೆಯನ್ನು ನಿರಾಕರಿಸಿದರೆ ಅದು ತಲುಪಿತೆಂದೇ ಕಾನೂನು ಭಾವಿಸುತ್ತದೆ. ತೆಗೆದುಕೊಳ್ಳಿ, ಸಹಿಯ ಕೆಳಗೆ ನಿಮ್ಮ ಕೈಯಿಂದಲೇ ದಿನಾಂಕ ಬರೆಯಿರಿ, ಲಕೋಟೆಯನ್ನೂ ಇಟ್ಟುಕೊಳ್ಳಿ. ಸಿಆರ್‌ಪಿಯವರ ಕೈಯಲ್ಲಿ ಆದೇಶ ಬಂದು ಮುಖ್ಯಶಿಕ್ಷಕರ ಮೇಜಿನ ಮೇಲೆ ವಾರ ಮಲಗಿರುವುದು ನಮ್ಮ ಕಡೆ ಹೊಸದಲ್ಲ. ನಿಮ್ಮ ಕೈ ಸೇರಿದ್ದು ಯಾವತ್ತು ಎಂದು ತೋರಿಸಲು ಆ ಸಹಿಯ ದಿನಾಂಕವೇ ಆಧಾರ.

ಐದು ಮನವಿ ಕೊಟ್ಟರೂ ಏಕೆ ಉಪಯೋಗವಾಗಲಿಲ್ಲ?

ಅವರ ಫೈಲಿನ ಮೊದಲ ಮನವಿ 2023ರ ಜುಲೈಯದ್ದು, ಅಂದರೆ ಗಡುವಿನೊಳಗೇ ಇತ್ತು. ಅದು ಮೇಲ್ಮನವಿ ಆಗಿರಲಿಲ್ಲ ಅಷ್ಟೇ. ಶಿಕ್ಷೆ ಕೊಟ್ಟ ಅಧಿಕಾರಿಗೇ ಬರೆದಿದ್ದರು, ದಯಮಾಡಿ ಮರುಪರಿಶೀಲಿಸಿ ಎಂದು ಕೇಳಿದ್ದರು. ಮೇಲ್ಮನವಿಯನ್ನು ಆ ಅಧಿಕಾರಿಗಿಂತ ಮೇಲಿನ ಪ್ರಾಧಿಕಾರಕ್ಕೆ ಬರೆಯಬೇಕು. ತಮ್ಮದೇ ಹೆಸರಿನಲ್ಲಿ, ಪ್ರತ್ಯೇಕವಾಗಿ ಬರೆಯಬೇಕು. ಅವಲಂಬಿಸುವ ಎಲ್ಲ ಸಂಗತಿ, ವಾದಗಳು ಅದರಲ್ಲೇ ಪೂರ್ತಿಯಾಗಿ ಇರಬೇಕು, ಅಗೌರವದ ಮಾತು ಇರಬಾರದು. ಶಿಕ್ಷೆಯ ಆದೇಶ ಮಾಡಿದ ಅಧಿಕಾರಿಯ ಮೂಲಕ ಕಳಿಸಿ, ಒಂದು ಪ್ರತಿಯನ್ನು ನೇರವಾಗಿ ಮೇಲಿನವರಿಗೆ ಕೊಡುವುದು ರೂಢಿ. ಹತ್ತು ಜನ ಸಹಿ ಹಾಕಿ ಸಂಘದ ಲೆಟರ್‌ಹೆಡ್ಡಿನಲ್ಲಿ ಕೊಡುವ ಪತ್ರಕ್ಕೆ ಒತ್ತಡ ತರುವ ಶಕ್ತಿ ಇರಬಹುದು, ಮೇಲ್ಮನವಿಯ ಸ್ಥಾನ ಇಲ್ಲ.

"ಸಾಹೇಬ್ರು ನೋಡ್ತಾರ ಅಂತ ಹೇಳಿದ್ರು, ಕಾದೆ" ಅಂದರು ಅವರು. ಸೆಪ್ಟೆಂಬರಿನಲ್ಲಿ ಎರಡನೆಯದು, ಡಿಸೆಂಬರಿನಲ್ಲಿ ಮೂರನೆಯದು, ಮರುವರ್ಷ ಇನ್ನೆರಡು. ಪ್ರತಿ ಮನವಿಗೂ ಆವಕ ವಿಭಾಗದ ಮೊಹರು ಇದೆ. ಆ ಮೊಹರು ನೋಡಿದಾಗಲೆಲ್ಲ ಕೆಲಸ ನಡೆಯುತ್ತಿದೆ ಅನ್ನಿಸಿರಬೇಕು. ಗಡುವು ಮಾತ್ರ ಸೆಪ್ಟೆಂಬರ್ 14ಕ್ಕೇ ಮುಗಿದಿತ್ತು. ಮೇಲ್ಮನವಿ ಸಲ್ಲಿಸಿದ್ದು 2024ರ ಆಗಸ್ಟಿನಲ್ಲಿ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮಾತು ಹಳೆಯದು, ಸ್ಪಷ್ಟವಾದದ್ದು. 1989ರ ಎಸ್.ಎಸ್. ರಾಥೋರ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಪ್ರಕರಣವನ್ನು ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ರಾಥೋರ್ 1966ರಲ್ಲಿ ವಜಾ ಆದವರು. ಅದೇ ವರ್ಷ ಅವರ ಇಲಾಖಾ ಮೇಲ್ಮನವಿ ತಿರಸ್ಕೃತವಾಯಿತು. ಅವರು ದಾವೆ ಹೂಡಿದ್ದು 1969ರಲ್ಲಿ. ಮೂರು ವರ್ಷದ ಕಾಲಮಿತಿಯನ್ನು ಮೊದಲ ವಜಾ ಆದೇಶದಿಂದ ಎಣಿಸಬೇಕೋ, ಮೇಲ್ಮನವಿಯ ಆದೇಶದಿಂದಲೋ ಎಂಬುದೇ ಪ್ರಶ್ನೆ. ಕಾನೂನೇ ಒದಗಿಸಿದ ಮೇಲ್ಮನವಿಯ ದಾರಿಯಲ್ಲಿ ಹೋದವನಿಗೆ ಆ ಮೇಲ್ಮನವಿಯ ಅಂತಿಮ ಆದೇಶದಿಂದ ಎಣಿಸಬೇಕು ಎಂದು ಪೀಠ ಹೇಳಿತು. ರಾಥೋರ್ ಗೆದ್ದರು. ಜೊತೆಗೆ ಇನ್ನೊಂದು ಮಾತನ್ನೂ ಪೀಠ ಸೇರಿಸಿತು: ಕಾನೂನಿನಲ್ಲಿ ಅವಕಾಶವಿಲ್ಲದ ಮನವಿಗಳನ್ನು ಮತ್ತೆಮತ್ತೆ ಕೊಡುತ್ತಾ ಹೋದರೆ ಅದರಿಂದ ಕಾಲಮಿತಿ ಬೆಳೆಯುವುದಿಲ್ಲ. ಮೇಲ್ಮನವಿ ಹಾಕಿದವರನ್ನು ಕಾಯುವ ತೀರ್ಪೇ ಮನವಿ ಕೊಡುತ್ತಾ ಕೂತವರನ್ನು ಕೈಬಿಡುತ್ತದೆ.

ಕೆಲವರು ಇದಕ್ಕೂ ಒಂದು ಉಪಾಯ ಹುಡುಕಿದರು. ಹಳೆಯ ವಿಷಯದ ಮೇಲೆ ಹೊಸ ಮನವಿ ಕೊಡುವುದು, ಅದನ್ನು ಪರಿಗಣಿಸಿ ಎಂದು ನ್ಯಾಯಾಲಯದಿಂದ ನಿರ್ದೇಶನ ತರುವುದು, ಇಲಾಖೆ 'ಸಾಧ್ಯವಿಲ್ಲ' ಎಂದು ಉತ್ತರಿಸಿದರೆ ಆ ಉತ್ತರದ ದಿನಾಂಕದಿಂದ ಹೊಸದಾಗಿ ಎಣಿಸುವುದು. 2008ರಲ್ಲಿ ಸಿ. ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಾಗಿಲನ್ನೂ ಮುಚ್ಚಿತು. ಅಲ್ಲಿ ನೌಕರ ಕೆಲಸ ಕಳೆದುಕೊಂಡದ್ದು 1982ರಲ್ಲಿ, ಮನವಿ ಕೊಟ್ಟದ್ದು 2000ದಲ್ಲಿ. ಸತ್ತ ವಿವಾದಕ್ಕೆ ಇಲಾಖೆಯ ಒಂದು ಉತ್ತರದಿಂದ ಜೀವ ಬರುವುದಿಲ್ಲ ಎಂಬುದು ಆ ತೀರ್ಪಿನ ಸಾರ.

ಇಲಾಖೆ ಉತ್ತರವನ್ನೇ ಕೊಡದಿದ್ದರೆ

ಮೇಲ್ಮನವಿ ಸಕಾಲಕ್ಕೆ ಹಾಕಿದವರಿಗೂ ಒಂದು ಗುಂಡಿ ಕಾದಿರುತ್ತದೆ, ಅದು ಮೌನ. ಇಲಾಖೆ ಉತ್ತರ ಕೊಟ್ಟಿಲ್ಲವಲ್ಲ, ಕೊಟ್ಟ ಮೇಲೆ ನೋಡೋಣ ಎಂದು ವರ್ಷಗಟ್ಟಲೆ ಕೂತವರಿದ್ದಾರೆ.

ಮುಂದಿನ ಮೆಟ್ಟಿಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಸ್‌ಎಟಿ. ಹಳೆಯ ಮೇಷ್ಟ್ರುಗಳು ಇನ್ನೂ ಕೆಎಟಿ ಅನ್ನುತ್ತಾರೆ. ಸಂವಿಧಾನದ 42ನೇ ತಿದ್ದುಪಡಿಯಿಂದ ಬಂದ 323ಎ ವಿಧಿ, ಅದರಡಿ 1985ರ ಆಡಳಿತ ನ್ಯಾಯಮಂಡಳಿಗಳ ಕಾಯಿದೆ, ಅದರಡಿ 1986ರಲ್ಲಿ ನಮ್ಮ ರಾಜ್ಯದ ಈ ಮಂಡಳಿ. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ವರ್ಷ ನೆನಪಿಟ್ಟುಕೊಳ್ಳಲು ನಾನು ಮಾಡಿಕೊಂಡ ಜೋಡಣೆ ಇದು, ಬೇರೇನೂ ಸಂಬಂಧವಿಲ್ಲ. ಮಂಡಳಿ ಇರುವುದು ಬೆಂಗಳೂರಿನಲ್ಲಿ. ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ.

ಇಲಾಖೆಯೊಳಗಿನ ಪರಿಹಾರಗಳನ್ನು ಮುಗಿಸದೆ ಬಂದವರ ಅರ್ಜಿಯನ್ನು ಮಂಡಳಿ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ ಎಂದು ಕಾಯಿದೆಯ 20ನೇ ಕಲಂ ಹೇಳುತ್ತದೆ. ಮೇಲ್ಮನವಿ ಸಲ್ಲಿಸಿ ಆರು ತಿಂಗಳಾದರೂ ಅಂತಿಮ ಆದೇಶ ಬರದಿದ್ದರೆ ಪರಿಹಾರ ಮುಗಿಯಿತೆಂದೇ ಲೆಕ್ಕ. 21ನೇ ಕಲಂ ಕಾಲಮಿತಿಯದ್ದು. ಅಂತಿಮ ಆದೇಶ ಆಗಿದ್ದರೆ ಆ ದಿನದಿಂದ ಒಂದು ವರ್ಷ. ಆದೇಶ ಬರದಿದ್ದರೆ ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ.

ನಮ್ಮ ಶಿಕ್ಷಕರು 2023ರ ಸೆಪ್ಟೆಂಬರ್ 10ಕ್ಕೇ ಮೇಲ್ಮನವಿ ಹಾಕಿದ್ದರು, ಉತ್ತರ ಬರಲೇ ಇಲ್ಲ ಎಂದು ಕಲ್ಪಿಸಿಕೊಳ್ಳಿ. ಆರು ತಿಂಗಳು ತುಂಬುವುದು 2024ರ ಮಾರ್ಚ್ 10ಕ್ಕೆ. ಅಲ್ಲಿಂದ ಒಂದು ವರ್ಷ, 2025ರ ಮಾರ್ಚ್ 10. ಅಷ್ಟರೊಳಗೆ ಮಂಡಳಿಗೆ ಹೋಗಬೇಕು. ಉತ್ತರ ಬಾರದಿರುವುದನ್ನೇ ಕಾನೂನು ಒಂದು ಉತ್ತರವೆಂದು ತೆಗೆದುಕೊಂಡು ಗಡಿಯಾರ ಓಡಿಸುತ್ತದೆ. ಒಟ್ಟು ಹದಿನೆಂಟು ತಿಂಗಳು ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಸೂಕ್ಷ್ಮವನ್ನು ಗಮನಿಸದಿದ್ದರೆ ಎಂಥವರೂ ಜಾರುತ್ತಾರೆ. ಸಿಸಿಎ ನಿಯಮದ ಮೂರು ತಿಂಗಳು ಶುರುವಾಗುವುದು ಆದೇಶದ ಪ್ರತಿ ಕೈ ಸೇರಿದ ದಿನದಿಂದ. 21ನೇ ಕಲಮಿನ ಒಂದು ವರ್ಷಕ್ಕೆ ಕಾಯಿದೆ ಬಳಸುವ ಮಾತು ಅಂತಿಮ ಆದೇಶ 'ಮಾಡಲಾದ' ದಿನ. ಮೊದಲ ಮೆಟ್ಟಿಲಲ್ಲಿ ಲಕೋಟೆಯ ದಿನಾಂಕ ನೋಡಿದವರು ಎರಡನೇ ಮೆಟ್ಟಿಲಲ್ಲೂ ಅದನ್ನೇ ನೋಡಿದರೆ ಎರಡು ಮೂರು ವಾರ ತಪ್ಪಿಹೋಗಬಹುದು. ಎರಡನೆಯದಕ್ಕೆ ಆದೇಶದ ಮೇಲಿನ ದಿನಾಂಕವನ್ನೇ ಹಿಡಿಯುವುದು ಕ್ಷೇಮ.

ಶಿಕ್ಷೆಯ ಆದೇಶವನ್ನು ಸರ್ಕಾರವೇ ಮಾಡಿದ್ದರೆ ಇಲಾಖೆಯಲ್ಲಿ ಅದಕ್ಕಿಂತ ಮೇಲೆ ಯಾರೂ ಇಲ್ಲ, ಮೇಲ್ಮನವಿಯೂ ಇಲ್ಲ. ಅಲ್ಲಿ ನೇರವಾಗಿ ಮಂಡಳಿ. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿನ ವಿಭಾಗೀಯ ಪೀಠ. ಇದು 1997ರ ಎಲ್. ಚಂದ್ರಕುಮಾರ್ ತೀರ್ಪಿನಿಂದ ಬಂದ ದಾರಿ. ಹೈಕೋರ್ಟಿನ ಮಟ್ಟಿಗೆ ಬಳ್ಳಾರಿ, ವಿಜಯನಗರ ಎರಡೂ ಜಿಲ್ಲೆಗಳು 2008ರಲ್ಲಿ ಶುರುವಾದ ಧಾರವಾಡ ಪೀಠದ ವ್ಯಾಪ್ತಿಗೆ ಬರುತ್ತವೆ.

ನಮ್ಮ ನಾಲ್ಕು ಊರುಗಳಲ್ಲಿ ಎಷ್ಟು ಬಗೆಯ ಗಡುವು

ಬೋಧನಾಭ್ಯಾಸಕ್ಕೆ ನಮ್ಮ ಗುಂಪುಗಳು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಿಗೆ ಹಂಚಿಹೋಗಿದ್ದವು. ಬಸ್ಸಿನಲ್ಲಿ ಹೆಚ್ಚೆಂದರೆ ಒಂದೆರಡು ಗಂಟೆಯ ದೂರದೊಳಗೆ ಇರುವ ಈ ಊರುಗಳಲ್ಲಿ ನಿಯಮ ಒಂದೇ ಅಲ್ಲ.

ಕಮಲಾಪುರದ ಸರ್ಕಾರಿ ಶಾಲೆಯ ಶಿಕ್ಷಕಿಗೆ ಮೂರು ತಿಂಗಳು. ಅದೇ ಕಮಲಾಪುರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ವಸ್ತುಸಂಗ್ರಹಾಲಯದಲ್ಲಿ ಕೆಲಸ ಮಾಡುವ ಕೇಂದ್ರ ನೌಕರನಿಗೆ 45 ದಿನ. ಯಾಕೆಂದರೆ ಅವನಿಗೆ ಅನ್ವಯಿಸುವುದು 1965ರ ಕೇಂದ್ರ ಸಿಸಿಎ ನಿಯಮ. ಹೊಸಪೇಟೆ ಜಂಕ್ಷನ್ನಿನ ರೈಲ್ವೆ ನೌಕರರಿಗೆ 1968ರ ಪ್ರತ್ಯೇಕ ನಿಯಮವಿದೆ, ಅಲ್ಲೂ 45 ದಿನ. ಇವರಿಬ್ಬರೂ ಮುಂದೆ ಹೋಗಬೇಕಾದ್ದು ಕೆಎಸ್‌ಎಟಿಗೆ ಅಲ್ಲ, ಕೇಂದ್ರ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠಕ್ಕೆ. ನಮ್ಮಲ್ಲಿ ಸಂಡೂರಿನ ದೋಣಿಮಲೈಯ ಕೇಂದ್ರೀಯ ವಿದ್ಯಾಲಯದ ಕಡೆ ಕಣ್ಣಿಟ್ಟವರು ಇದ್ದಾರೆ. ಅವರು ಈ 45ನ್ನು ಈಗಲೇ ಬರೆದಿಟ್ಟುಕೊಳ್ಳಲಿ. ಸಾರಿಗೆ ಸಂಸ್ಥೆಯ ಚಾಲಕರು, ಗಣಿ ಕಾರ್ಮಿಕರ ವಿವಾದಗಳು ಕಾರ್ಮಿಕ ಕಾನೂನಿನ ಬೇರೆಯೇ ದಾರಿ ಹಿಡಿಯುತ್ತವೆ, ಇಲ್ಲಿ ಬೇಡ.

ನಮ್ಮಲ್ಲಿ ಹೆಚ್ಚಿನವರ ಮೊದಲ ಕೆಲಸ ಖಾಸಗಿ ಶಾಲೆಯಲ್ಲೇ ಆಗುತ್ತದೆ ಎಂಬುದನ್ನು ಮುಚ್ಚಿಡುವುದೇಕೆ? ಅಲ್ಲಿ ಸಿಸಿಎ ನಿಯಮ ಇಲ್ಲ, 1983ರ ಕರ್ನಾಟಕ ಶಿಕ್ಷಣ ಕಾಯಿದೆ ಇದೆ. ಖಾಸಗಿ ಶಿಕ್ಷಣ ಸಂಸ್ಥೆ ಶಿಕ್ಷಕರನ್ನು ವಜಾ ಮಾಡಿದರೆ, ತೆಗೆದುಹಾಕಿದರೆ ಅಥವಾ ಹಿಂಬಡ್ತಿ ಕೊಟ್ಟರೆ, ಆದೇಶ ತಿಳಿಸಿದ ದಿನದಿಂದ ಮೂರು ತಿಂಗಳೊಳಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು ಎಂದು ಅದರ 94ನೇ ಕಲಂ ಹೇಳುತ್ತದೆ. ಆ ಮಂಡಳಿಯ ಕೆಲಸವನ್ನು ಜಿಲ್ಲಾ ನ್ಯಾಯಾಧೀಶರೇ ಮಾಡುತ್ತಾರೆ, ಬೆಂಗಳೂರಿಗೆ ಓಡಬೇಕಿಲ್ಲ. ಇದು ನಮಗೆ ಯಾರೂ ಹೇಳದ, ಹೇಳಲೇಬೇಕಿದ್ದ ಸಂಗತಿ ಎಂದು ನನಗೆ ಅನ್ನಿಸಿತು.

ಜಿಲ್ಲೆ ಒಡೆದದ್ದರಿಂದ ವಿಳಾಸದ ಗೊಂದಲವೂ ಸೇರಿಕೊಂಡಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ತಾಲ್ಲೂಕು, ಅದರೊಂದಿಗೆ ಹಂಪಿ, ಹೊಸ ಜಿಲ್ಲೆಗೆ ಹೋದವು. ಕಂಪ್ಲಿ, ಸಂಡೂರು ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯವರಿಗೆ ಹೊಸಪೇಟೆ ಹತ್ತಿರ, ಸಂತೆಗೂ ಆಸ್ಪತ್ರೆಗೂ ಅಲ್ಲಿಗೇ ಹೋಗುತ್ತಾರೆ, ಆದರೆ ಅವರ ಉಪನಿರ್ದೇಶಕರ ಕಚೇರಿ ಬಳ್ಳಾರಿಯಲ್ಲಿ. ಹತ್ತಿರದ ಕಚೇರಿಯಲ್ಲಿ ಕೊಟ್ಟ ಕಾಗದ ಅಲ್ಲಿಂದ ಇಲ್ಲಿಗೆ ತಿರುಗುವಷ್ಟರಲ್ಲಿ ಗಡುವು ಮುಗಿದರೆ ಹೊಣೆ ಕೊಟ್ಟವನದ್ದೇ.

ತಪ್ಪು ಬಾಗಿಲು ಬಡಿಯುವುದು ಒಬ್ಬಿಬ್ಬರ ಕಥೆ ಅಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ಹೊರಟಿತಲ್ಲ, ನಮ್ಮ ಸೀನಿಯರುಗಳು ಬರೆದ ಪರೀಕ್ಷೆ, ಅದನ್ನು ನೆನೆಯಿರಿ. ವಿವಾಹಿತ ಅಭ್ಯರ್ಥಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ ತಂದೆಯ ಹೆಸರಿನದ್ದಿರಬೇಕೋ ಗಂಡನ ಹೆಸರಿನದ್ದೋ ಎಂಬ ವಿವಾದ ಹೈಕೋರ್ಟಿಗೆ ಹೋಯಿತು. 2023ರ ಜನವರಿಯಲ್ಲಿ ಏಕಸದಸ್ಯ ಪೀಠ ಅಭ್ಯರ್ಥಿಗಳ ಪರವಾಗಿ ಹೇಳಿತು. ಅದೇ ವರ್ಷ ಅಕ್ಟೋಬರಿನಲ್ಲಿ ವಿಭಾಗೀಯ ಪೀಠ ಆ ಆದೇಶವನ್ನು ತೆಗೆದುಹಾಕಿ, ಇದು ಮೊದಲು ಕೆಎಸ್‌ಎಟಿಗೆ ಹೋಗಬೇಕಾದ ವಿಷಯ ಎಂದಿತು. ನೇಮಕಾತಿಯ ವಿವಾದವೂ ಸೇವಾ ವಿವಾದವೇ ಎಂಬುದು ಇಲ್ಲಿನ ಅಂಶ. ಕೆಲಸ ಸಿಗುವ ಮೊದಲೇ ನಾವು ಈ ಕಾನೂನಿನೊಳಗೆ ಇದ್ದೇವೆ. ತಪ್ಪು ನ್ಯಾಯಾಲಯದಲ್ಲಿ ಪ್ರಾಮಾಣಿಕವಾಗಿ ಕಳೆದ ಸಮಯವನ್ನು ವಿಳಂಬಕ್ಕೆ ಕಾರಣವೆಂದು ಹೇಳಿಕೊಳ್ಳಬಹುದು. ಆದರೂ ಆ ತಿಂಗಳುಗಳು ಬದುಕಿನಿಂದ ಹೋದದ್ದು ಹೋದಂತೆಯೇ.

ತಡವಾದ ಮೇಲೆ ಏನು ಉಳಿದಿರುತ್ತದೆ

ಎಲ್ಲ ಮುಗಿಯಿತು ಎಂದಲ್ಲ. ಸಿಸಿಎ ನಿಯಮದಲ್ಲೂ 21ನೇ ಕಲಮಿನಲ್ಲೂ ಸಕಾರಣ ತೋರಿಸಿದರೆ ವಿಳಂಬ ಮನ್ನಿಸುವ ಅವಕಾಶ ಇದೆ. 1987ರ ಕಾಟೀಜಿ ಪ್ರಕರಣದಲ್ಲಿ ನಾಲ್ಕು ದಿನ ತಡವಾಗಿದ್ದ ಮೇಲ್ಮನವಿಯನ್ನು ಉಳಿಸುತ್ತಾ ಸುಪ್ರೀಂ ಕೋರ್ಟ್, ಪ್ರತಿ ದಿನದ ತಡಕ್ಕೂ ವಿವರಣೆ ಬೇಕೆಂಬುದನ್ನು ಪಂಡಿತರ ಹಾಗೆ ಹಿಂಡಬಾರದು ಎಂದಿತು. ಗಮನಿಸಬೇಕಾದ ತಮಾಷೆಯೆಂದರೆ ಅಲ್ಲಿ ತಡ ಮಾಡಿದ್ದು ಸರ್ಕಾರವೇ. ಕೊರೊನಾ ಕಾಲದ್ದೂ ಒಂದು ವಿನಾಯಿತಿ ಇದೆ: 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಅವಧಿಯನ್ನು ಕಾಲಮಿತಿಯ ಎಣಿಕೆಯಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು.

ವೇತನ ನಿಗದಿಯಲ್ಲಿ ತಪ್ಪಾಗಿದ್ದರೆ ಅದರ ಲೆಕ್ಕ ಬೇರೆ. ತಿಂಗಳು ತಿಂಗಳು ಕಡಿಮೆ ಸಂಬಳ ಬರುತ್ತಿದ್ದರೆ ಪ್ರತಿ ತಿಂಗಳೂ ಹೊಸ ತಪ್ಪು ನಡೆದಂತೆ. ಅಂಥಲ್ಲಿ ತಡವಾಗಿ ಬಂದವರನ್ನೂ ಪೂರ್ತಿ ಹೊರಗಟ್ಟುವುದಿಲ್ಲ, ಬಾಕಿಯನ್ನು ಮಾತ್ರ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ಸೀಮಿತ ಮಾಡುತ್ತಾರೆ. 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಇದು ಸ್ಪಷ್ಟವಾಗಿದೆ. ಇದನ್ನು ಕೇಳಿದ ಕೂಡಲೇ ನಮ್ಮ ಶಿಕ್ಷಕರ ಮುಖ ಅರಳಿತು: "ನಂದೂ ತಿಂಗಳಾ ತಿಂಗಳಾ ಕಟ್ ಆಗ್ತದಲ್ಲ!" ಇಲ್ಲ ಸರ್ ಎನ್ನಬೇಕಾಯಿತು. ಅವರ ನಷ್ಟದ ಮೂಲ ಲೆಕ್ಕದ ತಪ್ಪಲ್ಲ, ಒಂದು ದಿನಾಂಕವಿರುವ ಒಂದು ಶಿಕ್ಷೆಯ ಆದೇಶ. ಆ ಆದೇಶ ನಿಂತಿರುವಷ್ಟು ಕಾಲ ಕಡಿತ ಅದರ ಫಲ ಮಾತ್ರ.

ಗಡುವೇ ಇರಬಾರದಿತ್ತು ಎಂದು ನಾನು ಹೇಳುವುದಿಲ್ಲ. ಹತ್ತು ವರ್ಷದ ನಂತರ ದಾಸ್ತಾನು ಪುಸ್ತಕ ಸಿಗುವುದಿಲ್ಲ, ಸಾಕ್ಷಿ ಹೇಳುವ ಅಡುಗೆಯವರು ನೆನಪಿಟ್ಟಿರುವುದಿಲ್ಲ. ಒಬ್ಬರ ಹಳೆಯ ಜ್ಯೇಷ್ಠತೆಯನ್ನು ಈಗ ಸರಿಪಡಿಸಿದರೆ ನೂರು ಜನರ ಬಡ್ತಿ ಅಲುಗಾಡುತ್ತದೆ. ನನ್ನ ತಕರಾರು ಬೇರೆ. ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ತಿರಸ್ಕರಿಸುವ ಅಧಿಕಾರಿ, ಎಷ್ಟು ದಿನದೊಳಗೆ, ಯಾರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದು ಅದೇ ಪತ್ರದಲ್ಲಿ ತಿಳಿಸಲೇಬೇಕು. ಹತ್ತು ರೂಪಾಯಿಯ ಅರ್ಜಿಗೆ ಇರುವ ಈ ಸೌಜನ್ಯ, ನಾನು ನೋಡಿದ ಆ ಶಿಕ್ಷೆಯ ಆದೇಶದಲ್ಲಿ ಇರಲಿಲ್ಲ. ಕೆಳಗೆ ಪ್ರತಿಗಳ ಪಟ್ಟಿ ಉದ್ದಕ್ಕಿತ್ತು: ಖಜಾನೆಗೆ, ಸೇವಾ ಪುಸ್ತಕಕ್ಕೆ, ಕಚೇರಿ ಕಡತಕ್ಕೆ. ಆ ಪಟ್ಟಿಯ ಮೇಲೆ ಒಂದು ಸಾಲು, ಮೂರು ತಿಂಗಳೊಳಗೆ ಇಂಥವರಿಗೆ ಮೇಲ್ಮನವಿ ಸಲ್ಲಿಸಬಹುದು ಎಂದು ಸೇರಿಸಿದ್ದರೆ ಐದು ಮನವಿಗಳ ಕಾಗದ ಉಳಿಯುತ್ತಿತ್ತು.

ಮಧ್ಯಾಹ್ನದ ಬಿಸಿಯೂಟದ ಗಂಟೆಯ ನಂತರ ನಾವಿಬ್ಬರೂ ಫೈಲನ್ನು ಮತ್ತೊಮ್ಮೆ ಕೊನೆಯಿಂದ ಮೊದಲಿಗೆ ಓದಿದೆವು. ಮೇಲ್ಮನವಿ ತಿರಸ್ಕರಿಸಿದ ಆದೇಶದ ದಿನಾಂಕ 2025ರ ಫೆಬ್ರವರಿ 25. ಅವರ ಕೈ ಸೇರಿದ್ದು ಮಾರ್ಚ್ 10ರಂದು. ತರಬೇತಿಯ ಹಾಜರಾತಿ ಪ್ರಮಾಣಪತ್ರವನ್ನು ನೋಡದೆಯೇ, ತಡ ಏಕಾಯಿತೆಂದು ಅವರು ಬರೆದ ಪ್ಯಾರಾವನ್ನು ಉಲ್ಲೇಖಿಸದೆಯೇ ಬರೆದ ಆದೇಶ ಅದು. ವಿಳಂಬವನ್ನು ಮನ್ನಿಸಬೇಕಿತ್ತೇ ಎಂಬ ಪ್ರಶ್ನೆಯನ್ನು ಮಂಡಳಿಯ ಮುಂದೆ ಎತ್ತಬಹುದು, ಮಂಡಳಿ ಒಪ್ಪಿದರೆ ಮೇಲ್ಮನವಿಯನ್ನು ಮತ್ತೆ ಕೇಳಿ ಎಂದು ವಾಪಸ್ ಕಳಿಸಬಹುದು. "ಹಂಗಾರ ಮಾರ್ಚ್ ಹತ್ತರ ತನಕ ಟೈಮ್ ಅದ" ಅಂದರು. ನಾನು ಆದೇಶದ ಮೇಲ್ಭಾಗದ ದಿನಾಂಕದ ಮೇಲೆ ಬೆರಳಿಟ್ಟೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕೈಯಿಂದ ಕೆಂಪು ಪೆನ್ನು ತೆಗೆದುಕೊಂಡು ಫೈಲಿನ ಹೊದಿಕೆಯ ಮೇಲೆ ದಪ್ಪಕ್ಷರದಲ್ಲಿ 25-02-2026 ಎಂದು ಬರೆದರು. ಮೂರನೇ ಪೀರಿಯಡ್ಡಿನ ಗಂಟೆ ಆಗಿತ್ತು, ನಾನು ತರಗತಿಗೆ ಹೋದೆ. ಮುಂದಿನ ಶನಿವಾರ ಅವರು ರಜೆ ಅರ್ಜಿ ಬರೆಯುತ್ತಿದ್ದರು. ಹಂಪಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ, ಬೆಂಗಳೂರಿನಲ್ಲಿ ವಕೀಲರೊಬ್ಬರು ಸಿಕ್ಕಿದ್ದಾರೆ ಅಂದರು.